ಹಳೆಯ ಪಿಕಪ್‌ಗೆ 31 ಇಂಚಿನ ಟೈರು: ಮೊದಲು ಟೈರು, ಆಮೇಲೆ ಲಿಫ್ಟ್

ಗಾಡಿ ಎತ್ತರ ಮಾಡಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಲಿಫ್ಟ್ ಕಿಟ್ ಕೊಂಡು, ಆಮೇಲೆ ಅದಕ್ಕೆ ತಕ್ಕ ಟೈರು ಹುಡುಕುತ್ತಾರೆ. ನಾನು ಉಲ್ಟಾ ಮಾಡಿದೆ. ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ನಡುವೆ ಇರುವ ಗೇರಿನ ಗುಂಡು ಪೆಟ್ಟಿಗೆ) ಕಲ್ಲಿಗೆ ಬಡಿಯದಂತೆ ಕಾಯುವುದು ಟೈರು ಮಾತ್ರ. ಲಿಫ್ಟ್ ಚಾಸಿಯನ್ನು ಎತ್ತುತ್ತದೆ, ಆಕ್ಸಲ್ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಟೈರಿಗೆ ಜಾಗ ಆಗುವಷ್ಟು ಎತ್ತಿದರೆ ಸಾಕು, ಒಂದು ಇಂಚೂ ಹೆಚ್ಚು ಬೇಡ.

ನನ್ನದು ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು), ಹಿಂದೆ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು) ಇರುವ ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್. ಕಂಪನಿ ಕೊಟ್ಟ ಟೈರು 225/75 ಆರ್ 15, ಅಂದರೆ ಎತ್ತರ ಸುಮಾರು 718 ಮಿಲಿಮೀಟರ್. ಹಾಕಿದ್ದು 31x10.5 ಆರ್ 15, ಸುಮಾರು 787 ಮಿಲಿಮೀಟರ್. ವ್ಯತ್ಯಾಸದ ಅರ್ಧ, ಅಂದರೆ 34 ಮಿಲಿಮೀಟರ್, ಆಕ್ಸಲ್ ಕೆಳಗೆ ಸಿಗುತ್ತದೆ. ಈ ಅಳತೆಯ ಟೈರಿಗೆ ರಿಮ್ ಅಗಲ 7ರಿಂದ 9 ಇಂಚಿನೊಳಗೆ ಇರಬೇಕು. ನಾನು 8 ಇಂಚಿನದು ಆರಿಸಿದೆ. ಹೊರಗೆ ತುಂಬಾ ಚಾಚುವ ರಿಮ್ ನೋಡಲು ಚೆಂದ, ಆದರೆ ಸ್ಟೇರಿಂಗ್ ತಿರುಗಿಸಿದಾಗ ಟೈರು ಇನ್ನೂ ದೊಡ್ಡ ವೃತ್ತ ಹೊಡೆದು ಬಂಪರ್‌ಗೂ ಮಡ್‌ಗಾರ್ಡಿಗೂ ಉಜ್ಜುತ್ತದೆ, ವೀಲ್ ಬೇರಿಂಗ್ ಮೇಲೂ ಹೊರೆ ಬೀಳುತ್ತದೆ.

ಕೆಲಸಕ್ಕೆ ಕೈ ಹಾಕುವ ಮುನ್ನ ನಾಲ್ಕೂ ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಿ. ಹಳೆಯ ಗಾಡಿಯಲ್ಲಿ ಎಡ ಬಲ 10–15 ಮಿಲಿಮೀಟರ್ ವ್ಯತ್ಯಾಸ ಸಾಮಾನ್ಯ. ಆಮೇಲೆ ಸ್ಪ್ರಿಂಗ್ ಹ್ಯಾಂಗರ್ ಚಾಸಿಗೆ ಸೇರುವ ಜಾಗವನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಠಣ್ ಎನ್ನದೆ ಮಂಕಾಗಿ ಸದ್ದು ಬಂದರೆ ಒಳಗೆ ತುಕ್ಕು ತಿಂದಿದೆ ಎಂದು ಅನುಮಾನಿಸಿ, ಮೊದಲು ಅದನ್ನು ಸರಿಮಾಡಿಸಿ. ತುಕ್ಕು ಹಿಡಿದ ಚಾಸಿಯ ಮೇಲೆ ಲಿಫ್ಟ್ ಹಾಕುವುದು ದುಡ್ಡು ದಂಡ.

ಹಿಂದುಗಡೆ ಎತ್ತಲು ಮೂರು ದಾರಿ: ಉದ್ದದ ಶಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ), ಆಕ್ಸಲ್ ಮೇಲೆ ಸ್ಪ್ರಿಂಗಿನ ಅಡಿಗೆ ಬ್ಲಾಕ್, ಇಲ್ಲವೇ ಪಟ್ಟಿಗಳ ನಡುವೆ ಒಂದು ಹೆಚ್ಚುವರಿ ಪಟ್ಟಿ. ಶಕಲ್ 2 ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಸುಮಾರು 1 ಇಂಚು ಮಾತ್ರ; ಜೊತೆಗೆ ಪಿನಿಯನ್ (ಡಿಫರೆನ್ಷಿಯಲ್‌ನಲ್ಲಿ ಶಾಫ್ಟ್ ಸೇರುವ ಗೇರು) ಮೂತಿ ಮೇಲಕ್ಕೆ ತಿರುಗಿ, ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕೋನ ಕೆಡುತ್ತದೆ. ಬ್ಲಾಕ್ ಹಾಕಿದರೆ ಜೋರಾಗಿ ಎಳೆಯುವಾಗ ಸ್ಪ್ರಿಂಗ್ ಎಸ್ ಆಕಾರಕ್ಕೆ ತಿರುಚಿಕೊಳ್ಳುವುದು ಹೆಚ್ಚುತ್ತದೆ. ಲೀಫ್ ಸ್ಪ್ರಿಂಗ್ ಮುಂದೆಯೂ ಇರುವ ಗಾಡಿಯಾದರೆ ಮುಂದಿನ ಆಕ್ಸಲ್‌ಗೆ ಬ್ಲಾಕ್ ಹಾಕಲೇಬಾರದು. ಬ್ರೇಕ್ ಒತ್ತಿದಾಗ ಅದು ಜಾರಿ ಹೊರಬಂದರೆ ಸ್ಟೇರಿಂಗ್ ಕೈಗೆ ಸಿಗದು. ನಾನು ಆರಿಸಿದ್ದು ಹೆಚ್ಚುವರಿ ಪಟ್ಟಿ, ಅದೂ ಉದ್ದನೆಯದು. ಗಿಡ್ಡ ಪಟ್ಟಿ ಅಗ್ಗಕ್ಕೆ ಸಿಗುತ್ತದೆ, ಆದರೆ ನಡುವಿನಲ್ಲಷ್ಟೇ ಒತ್ತಡ ಕೊಟ್ಟು ಗಾಡಿಯನ್ನು ಮರದ ಹಲಗೆಯಂತೆ ಗಡುಸು ಮಾಡುತ್ತದೆ.

ಪಟ್ಟಿಗಳನ್ನು ಒಟ್ಟಿಗೆ ಹಿಡಿದ ಸೆಂಟರ್ ಬೋಲ್ಟ್ ಸಡಿಲಿಸುವ ಮೊದಲು ಅದರ ಎರಡೂ ಪಕ್ಕ ಒಂದೊಂದು ಸಿ ಕ್ಲಾಂಪ್ ಬಿಗಿಯಿರಿ. ಇಲ್ಲದಿದ್ದರೆ ಬೋಲ್ಟ್ ಬಿಚ್ಚಿದ ಕ್ಷಣ ಪಟ್ಟಿಗಳು ಚಿಮ್ಮುತ್ತವೆ. ಹೊಸ ಪಟ್ಟಿ ಉದ್ದದ ಸರದಿಯಲ್ಲಿ ತನ್ನ ಜಾಗದಲ್ಲೇ ಕೂರಬೇಕು. ಸೆಂಟರ್ ಬೋಲ್ಟ್ ಉದ್ದದ್ದು ಬೇಕು, ಅದರ ತಲೆ ಆಕ್ಸಲ್ ಪೀಠದ ತೂತಿನೊಳಗೆ ಪೂರ್ತಿ ಇಳಿದಿದೆಯೇ ಎಂದು ಬೆರಳಿಟ್ಟು ನೋಡಿ. ತಲೆ ಅರ್ಧ ಕೂತರೆ ಆಕ್ಸಲ್ ಹಿಂದೆ ಮುಂದೆ ಸರಿದು ಗಾಡಿ ಓರೆಯಾಗಿ ಓಡುತ್ತದೆ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯೂ ಬೋಲ್ಟ್ ನಾಲ್ಕೂ ಹೊಸವೇ ಆಗಬೇಕು. ಹಳೆಯವು ಒಮ್ಮೆ ಹಿಗ್ಗಿರುತ್ತವೆ, ಮತ್ತೆ ಬಿಗಿದರೆ ಬಿಗಿ ನಿಲ್ಲುವುದಿಲ್ಲ. ಅಡ್ಡಡ್ಡ ಸರದಿಯಲ್ಲಿ, ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ ಬಿಗಿದು, 100 ಕಿಲೋಮೀಟರಿಗೆ ಒಮ್ಮೆ, 500ಕ್ಕೆ ಇನ್ನೊಮ್ಮೆ ನೋಡಿದೆ. ಮೊದಲ ಸಲ ಒಂದೊಂದು ನಟ್ಟೂ ಕಾಲು ಸುತ್ತು ತೆಗೆದುಕೊಂಡಿತು. ಶಕಲ್ ಬುಷ್‌ಗಳ ಬೋಲ್ಟನ್ನು ಮಾತ್ರ ಗಾಡಿ ನೆಲಕ್ಕಿಳಿದು ತನ್ನ ಭಾರದಲ್ಲಿ ನಿಂತ ಮೇಲೆ ಬಿಗಿಯಬೇಕು. ಚಕ್ರ ನೇತಾಡುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಹಿಂದೆ ಬಂದ ಎತ್ತರ 40 ಮಿಲಿಮೀಟರ್. ಪಿನಿಯನ್ ತಿರುಗಲಿಲ್ಲ, ಆದರೆ ಶಾಫ್ಟ್ ಇಳಿಜಾರು ಹೆಚ್ಚಿತು. ನನ್ನದು ನಡುವೆ ಸೆಂಟರ್ ಬೇರಿಂಗ್ ಇರುವ ಎರಡು ತುಂಡಿನ ಶಾಫ್ಟ್. ಹಿಂದಿನ ತುಂಡು ಸುಮಾರು 900 ಮಿಲಿಮೀಟರ್ ಇರುವುದರಿಂದ ಕೋನ ಎರಡೂವರೆ ಡಿಗ್ರಿ ಏರಿತು. ಫಲ, ಮೊದಲ ಗೇರಿನಲ್ಲಿ ಹೊರಡುವಾಗ ನಡುಕ. ಸೆಂಟರ್ ಬೇರಿಂಗ್ ಬ್ರಾಕೆಟ್ ಮತ್ತು ಚಾಸಿಯ ನಡುವೆ 10 ಮಿಲಿಮೀಟರಿನ ಉಕ್ಕಿನ ಸ್ಪೇಸರ್ ಕೊಟ್ಟು ಬೇರಿಂಗ್ ಕೆಳಗಿಳಿಸಿದ ಮೇಲೆ ನಡುಕ ನಿಂತಿತು. ವೇಗಕ್ಕೆ ತಕ್ಕಂತೆ ಬರುವ ನಡುಕವಾದರೆ ಅದು ಬೇರೆ ಕಥೆ, ಮೊದಲು ಚಕ್ರದ ಬ್ಯಾಲೆನ್ಸ್ ನೋಡಿ.

ಎಲ್ಲರೂ ಮರೆಯುವುದು ಹಿಂದಿನ ಬ್ರೇಕಿನ ಲೋಡ್ ಸೆನ್ಸಿಂಗ್ ವಾಲ್ವ್. ಆಕ್ಸಲ್‌ನಿಂದ ಒಂದು ಸಣ್ಣ ಕಂಬಿ ಈ ವಾಲ್ವಿಗೆ ಹೋಗಿರುತ್ತದೆ. ಹಿಂಭಾಗ ಎತ್ತರ ಇದ್ದರೆ ಗಾಡಿ ಖಾಲಿ ಎಂದು ತಿಳಿದು ವಾಲ್ವು ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಮಾಡುತ್ತದೆ. ಲಿಫ್ಟ್ ಆದ ಮೇಲೆ ಅದರ ಲೆಕ್ಕದಲ್ಲಿ ಗಾಡಿ ಸದಾ ಖಾಲಿ! ಬ್ರೇಕ್ ಒತ್ತಿದರೆ ಮೂತಿ ಮುಗ್ಗರಿಸುತ್ತದೆ, ನಿಲ್ಲಲು ದೂರ ಹೆಚ್ಚು ಬೇಕಾಗುತ್ತದೆ. ಆಕ್ಸಲ್ ಕಡೆಯ ಬ್ರಾಕೆಟನ್ನು ಲಿಫ್ಟಿನಷ್ಟೇ, ಅಂದರೆ 40 ಮಿಲಿಮೀಟರ್, ಮೇಲೆ ಕೂರಿಸಿದೆ. ಅದಕ್ಕಿಂತ ಹೆಚ್ಚು ಎತ್ತಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಬಾಲ ಬೀಸುತ್ತದೆ. ಆಮೇಲೆ ಖಾಲಿ ಬಯಲಿನ ಒದ್ದೆ ನೆಲದಲ್ಲಿ ಕಡಿಮೆ ವೇಗದಲ್ಲಿ ಪರೀಕ್ಷಿಸಿ. ಮುಂದಿನ ಚಕ್ರವೇ ಮೊದಲು ಲಾಕ್ ಆಗಬೇಕು. ಇದೇ ಹೊತ್ತಿಗೆ ಹಿಂದಿನ ಆಕ್ಸಲ್ ಪೂರ್ತಿ ಜೋತಾಡುವಂತೆ ಬಿಟ್ಟು ಬ್ರೇಕ್ ಹೋಸ್ ನೋಡಿ. ತಂತಿಯಂತೆ ಬಿಗಿಯಾಗಿದ್ದರೆ ಉದ್ದದ್ದು ಹಾಕಬೇಕು. ಶಾಕ್ ಅಬ್ಸಾರ್ಬರ್ ಕೂಡ ಹೀಗೆಯೇ: ಜೋತಾಡುವಾಗ ಅದೇ ಆಕ್ಸಲನ್ನು ಹಿಡಿದು ನಿಲ್ಲಿಸಬಾರದು, ಬಂಪ್ ಸ್ಟಾಪ್ (ಆಕ್ಸಲ್ ಮೇಲೇರಿ ತಾಗುವ ರಬ್ಬರ್ ತಡೆ) ಒತ್ತಿದಾಗ ಒಳಗೆ ಕನಿಷ್ಠ 10 ಮಿಲಿಮೀಟರ್ ಉಳಿದಿರಬೇಕು.

ಮುಂದೆ ಟಾರ್ಷನ್ ಬಾರ್ ಬೋಲ್ಟ್ ತಿರುಗಿಸಿ ಎತ್ತುವುದು ಅರ್ಧ ಗಂಟೆಯ ಕೆಲಸ, ಅದಕ್ಕೇ ಜನ ಅತಿ ಮಾಡುತ್ತಾರೆ. ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ನೇತಾಡುವಾಗ, ಬೋಲ್ಟಿಗೆ ಗ್ರೀಸ್ ಹಚ್ಚಿ ತಿರುಗಿಸಿ. ಗಾಡಿಯ ಭಾರ ಮೇಲಿದ್ದಾಗ ತಿರುಗಿಸಿದರೆ ಥ್ರೆಡ್ ಕಿತ್ತುಬರುತ್ತದೆ. ಬಾರ್ ಇದರಿಂದ ಗಡುಸಾಗುವುದಿಲ್ಲ, ಕೆಳಗಿಳಿಯುವ ಓಟವಷ್ಟೇ ಕಡಿಮೆಯಾಗುತ್ತದೆ. ಚಕ್ರವನ್ನು ಹಿಡಿದ ಮೇಲಿನ ಆರ್ಮ್ ತನ್ನ ರಬ್ಬರ್ ಸ್ಟಾಪಿಗೆ ತಾಗಿದರೆ ಪ್ರತಿ ಗುಂಡಿಯಲ್ಲೂ ಟಕ್ ಎನ್ನುತ್ತದೆ. ನಾನು 30 ಮಿಲಿಮೀಟರಿಗೆ ನಿಲ್ಲಿಸಿದೆ. ಅದಕ್ಕೂ ಮೀರಿದರೆ ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಸಿವಿ ಜಾಯಿಂಟಿನ ಕೋನ ಹೆಚ್ಚಿ, ಅದರ ರಬ್ಬರ್ ಹೊದಿಕೆಯಾದ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಗ್ರೀಸ್ ಹೋಗಿ ಮಣ್ಣು ಸೇರಿದರೆ ಜಾಯಿಂಟ್ ಮುಗಿದಂತೆ. ಎರಡು ದಿನ ಓಡಿಸಿ ಕೂತ ಮೇಲೆ ಮತ್ತೆ ಅಳೆದು, ಆಮೇಲಷ್ಟೇ ಅಲೈನ್‌ಮೆಂಟ್ ಮಾಡಿಸಿ. ಎತ್ತಿದಾಗ ಕ್ಯಾಂಬರ್ (ಚಕ್ರದ ಮೇಲು ಕೆಳಗಿನ ಓರೆ), ಟೋ (ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಎರಡೂ ಕೆಟ್ಟಿರುತ್ತವೆ. ಹೊಸ ಟೈರಿನ ಅಂಚು ಬೇಗ ಸವೆಯಲು ಇಷ್ಟು ಸಾಕು.

ಇಷ್ಟೆಲ್ಲ ಮಾಡಿದರೂ ಉಜ್ಜುವುದು ಇದ್ದೇ ಇರುತ್ತದೆ. ಅದನ್ನು ಕಂಡುಹಿಡಿಯಲು ಒಂದು ಮುಂದಿನ ಚಕ್ರವನ್ನು ದಿಬ್ಬಕ್ಕೆ ಹತ್ತಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಮುಂದಕ್ಕೂ ಹಿಂದಕ್ಕೂ ನಿಧಾನ ಚಲಿಸಿ. ಮಡ್‌ಗಾರ್ಡಿನ ಒಳಗೆ ಸೀಮೆಸುಣ್ಣ ಬಳಿದಿದ್ದರೆ ತಾಗಿದ ಜಾಗ ಟೈರಿನ ಮೇಲೆ ಅಚ್ಚಾಗುತ್ತದೆ. ನನ್ನದರಲ್ಲಿ ತಾಗಿದ್ದು ಕ್ಯಾಬಿನ್ ಕಡೆಯ, ಎರಡು ತಗಡು ಸೇರುವ ಅಂಚಿಗೆ. ಅದನ್ನು ಸುತ್ತಿಗೆಯಿಂದ ಒಳಕ್ಕೆ ಮಡಚಿ, ಬಣ್ಣ ಕಿತ್ತಲ್ಲಿ ಪ್ರೈಮರ್ ಬಳಿದೆ. ಬಂಪರ್ ಕೆಳಗಿನ ಪ್ಲಾಸ್ಟಿಕ್ ಕತ್ತರಿಸಬೇಕಾಯಿತು.

ಸ್ಪೀಡೋಮೀಟರ್ ಈಗ 80 ತೋರಿಸಿದರೆ ಓಡುವುದು ಸುಮಾರು 88. ಗೇರಿನ ಲೆಕ್ಕವೂ ಬದಲಾಗುತ್ತದೆ: 4.10ರ ಆಕ್ಸಲ್ (ಚಕ್ರದ ಒಂದು ಸುತ್ತಿಗೆ ಶಾಫ್ಟ್ 4.10 ಸುತ್ತು) ಈಗ 3.74ರಂತೆ ವರ್ತಿಸುತ್ತದೆ, ಏರಿನಲ್ಲಿ ಐದನೇ ಗೇರು ಬರೀ ಹೆಸರಿಗೆ. ಹಳೆಯ ಎಳೆತ ಬೇಕೆಂದರೆ 4.56ರ ಕ್ರೌನ್ ಪಿನಿಯನ್ (ಡಿಫರೆನ್ಷಿಯಲ್ ಒಳಗಿನ ಗೇರು ಜೋಡಿ) ಹಾಕಬೇಕು, ಮುಂದೆ ಹಿಂದೆ ಎರಡಕ್ಕೂ ಒಟ್ಟಿಗೆ. ಒಂದಕ್ಕೆ ಮಾತ್ರ ಬದಲಿಸಿ ಫೋರ್ ವೀಲ್ ಹಾಕಿದರೆ ಎರಡು ಆಕ್ಸಲ್‌ಗಳೂ ಒಂದಕ್ಕೊಂದು ಹೊಡೆದಾಡಿ, ಎರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳು. ನಾನು ಸದ್ಯಕ್ಕೆ 4.10ರಲ್ಲೇ ಇದ್ದೇನೆ, ನಾಲ್ಕನೇ ಗೇರು ಹೆಚ್ಚು ಕೆಲಸ ಮಾಡುತ್ತಿದೆ.

ಗಾಳಿಯ ಒತ್ತಡಕ್ಕೆ ಹಳೆಯ ಸ್ಟಿಕ್ಕರ್ ನೋಡಬೇಡಿ. ಟ್ರೆಡ್ ಮೇಲೆ ಅಡ್ಡಲಾಗಿ ಸೀಮೆಸುಣ್ಣದ ದಪ್ಪ ಗೆರೆ ಎಳೆದು ಡಾಂಬರಿನ ಮೇಲೆ ನೇರ ನೂರಿನ್ನೂರು ಮೀಟರ್ ಓಡಿಸಿ. ನಡುವೆ ಮಾತ್ರ ಅಳಿಸಿದರೆ ಗಾಳಿ ಹೆಚ್ಚು, ಅಂಚು ಮಾತ್ರ ಅಳಿಸಿದರೆ ಕಡಿಮೆ. ಹೊರೆ ಹೇರಿದ ದಿನ ಬೇರೆ ಲೆಕ್ಕ, ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಮೀರದಂತೆ ಏರಿಸಬೇಕು. ಇನ್ನು ಹೆಡ್‌ಲೈಟ್ ಮರೆಯದೆ ಕೆಳಗಿಳಿಸಿ, ಎದುರಿನವರ ಕಣ್ಣು ಕುಕ್ಕುತ್ತದೆ. ಸ್ಟೆಪ್ನಿಯೂ 31 ಇಂಚಿನದೇ ಬೇಕು; ಹಿಂದೆ ಅಳತೆ ಬೇರೆಯಾದ ಚಕ್ರ ಹಾಕಿ ಓಡಿಸಿದರೆ ಡಿಫರೆನ್ಷಿಯಲ್ ಬಿಡುವಿಲ್ಲದೆ ದುಡಿಯುತ್ತದೆ. ನನ್ನದು ಹಳೆಯ ಜಾಗದಲ್ಲಿ ಹಿಡಿಸದೆ, ಈಗ ಹಿಂದಿನ ತೊಟ್ಟಿಯಲ್ಲಿ ಬೆಲ್ಟ್ ಕಟ್ಟಿಕೊಂಡು ಕೂತಿದೆ.