ಕಾಂಪೌಂಡಿನ ಕಾಗದದ ಹೂವು ಬೋನ್ಸಾಯ್ ಆದ ಬಗೆ

ಕೋಲಾರದ ನಮ್ಮ ಮನೆಯ ಕಾಂಪೌಂಡಿಗೆ ಒರಗಿದ್ದ ಹಳೆಯ ಕಾಗದದ ಹೂವಿನ ಗಿಡವನ್ನು ಬೋನ್ಸಾಯ್ (ಕುಂಡದಲ್ಲಿ ಬೆಳೆಸುವ ಕುಬ್ಜ ಮರ) ಮಾಡಲು ಹೊರಟಾಗ ತೊಡಕಾದದ್ದು ಬೇರು. ಬುಡ ತೋಳಿನ ಗಾತ್ರ, ಕುಂಡವೋ ನಾಲ್ಕು ಬೆರಳು ಆಳ. ಕಾಂಡವನ್ನು ಮೊಣಕಾಲೆತ್ತರಕ್ಕೆ ಗರಗಸದಿಂದ ಕೊಯ್ದೆ. ದಪ್ಪ ಬೇರುಗಳನ್ನು ಮೋಟು ಮಾಡಿ, ಮುಟ್ಟಿದರೆ ಮುರಿಯುವ ಎಳೆ ಬೇರುಗಳನ್ನು ಜೋಪಾನವಾಗಿ ಉಳಿಸಿಕೊಂಡೆ.

ನಮ್ಮ ಕೆಮ್ಮಣ್ಣು ಕುಂಡದಲ್ಲಿ ಗಟ್ಟಿಯಾಗಿ ನೀರು ನಿಲ್ಲಿಸುತ್ತದೆ. ಹಾಗಾಗಿ ಜರಡಿ ಹಿಡಿದು ದೂಳು ತೆಗೆದ ಇಟ್ಟಿಗೆ ಚೂರಿಗೆ ದಪ್ಪ ಮರಳು ಬೆರೆಸಿದೆ. ತಟ್ಟೆಯಂಥ ಚೆಂದದ ಕುಂಡದ ಆಸೆಯನ್ನು ಸದ್ಯಕ್ಕೆ ಬಿಟ್ಟು, ತಳ ಕೊರೆದ ಹಳೆಯ ಟಬ್ಬಿನಲ್ಲಿ ನೆಟ್ಟು, ಅಲುಗದಂತೆ ತಂತಿಯಿಂದ ಬಿಗಿದು, ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಿನಲ್ಲಿಟ್ಟೆ.

ಚಿಗುರು ಕಂಡೊಡನೆ ಚೀಲ ತೆಗೆಯಬಾರದು. ಮೊದಲ ಚಿಗುರು ಕಾಂಡದಲ್ಲಿ ಉಳಿದ ಸತ್ವದ್ದು. ಬೇರು ಹಿಡಿದ ಗುರುತಲ್ಲ. ಎಲೆ ಬಲಿತ ಮೇಲೆ ಚೀಲಕ್ಕೆ ತೂತು ಮಾಡುತ್ತಾ ಗಾಳಿಗೆ ಒಗ್ಗಿಸಿದೆ. ಈಗ ಬಿಸಿಲಿನಲ್ಲಿದೆ, ರೆಂಬೆಗಳನ್ನು ಬಾಗಿಸುವುದು ಮುಂದಿನ ಕೆಲಸ.