ಫೋನ್ ಬಳಕೆ ಕಡಿಮೆ ಇರುವವರಿಗೆ ಪ್ರೀಪೇಯ್ಡೋ, ಕರಾರಿನ ಪೋಸ್ಟ್‌ಪೇಯ್ಡೋ?

ಫೋನನ್ನು ಅಪರೂಪಕ್ಕೆ ಬಳಸುವವರು ಪ್ಲಾನ್ ಆರಿಸುವಾಗ ನಿಮಿಷಕ್ಕೆಷ್ಟು, ಜಿಬಿಗೆಷ್ಟು ಎಂದು ನೋಡುತ್ತಾರೆ. ಅದಕ್ಕಿಂತ ಮೊದಲು ನೋಡಬೇಕಾದದ್ದು ವ್ಯಾಲಿಡಿಟಿ. ದಿನಕ್ಕೆ ಒಂದೆರಡು ಕರೆ ಮಾಡುವವರ ದುಡ್ಡಿನ ದೊಡ್ಡ ಪಾಲು ನಂಬರನ್ನು ಚಾಲ್ತಿಯಲ್ಲಿ ಇಟ್ಟುಕೊಳ್ಳುವುದಕ್ಕೇ ಹೋಗುತ್ತದೆ.

ಮೊದಲು ಬಳಕೆ ಅಳೆಯಿರಿ. ಕಳೆದ ಮೂರು ತಿಂಗಳ ಬಿಲ್ ಅಥವಾ ಕಂಪನಿಯ ಆ್ಯಪ್‌ನಲ್ಲಿರುವ ವಿವರ ತೆಗೆದು ಕರೆಯ ನಿಮಿಷ, ಎಸ್ಸೆಮ್ಮೆಸ್, ಮೊಬೈಲ್ ಡೇಟಾ ಮೂರನ್ನೂ ಬರೆದುಕೊಳ್ಳಿ. ವೈಫೈನಲ್ಲಿ ಬಳಸಿದ್ದು ಲೆಕ್ಕಕ್ಕಿಲ್ಲ. ಐಫೋನ್ ಸೆಟ್ಟಿಂಗ್ಸ್‌ನಲ್ಲಿ ಕಾಣುವ ‘ಕರೆಂಟ್ ಪೀರಿಯಡ್’ ಅಂಕಿ ಸಾಮಾನ್ಯವಾಗಿ ತಾನಾಗಿ ಸೊನ್ನೆಯಾಗುವುದಿಲ್ಲ. ನೀವು ರೀಸೆಟ್ ಮಾಡಿರದಿದ್ದರೆ ಅದು ವರ್ಷಗಳ ಮೊತ್ತವೂ ಆಗಿರಬಹುದು. ಕೆಲವು ದೇಶಗಳಲ್ಲಿ ಒಳಬರುವ ಕರೆಗೂ ನಿಮಿಷ ಕಳೆಯುತ್ತದೆ, ಅಂಥ ಕಡೆ ಅದನ್ನೂ ಸೇರಿಸಿ.

ನಂತರ ಪ್ರೀಪೇಯ್ಡ್, ಪೋಸ್ಟ್‌ಪೇಯ್ಡ್ ಎರಡರ ಖರ್ಚನ್ನೂ ಒಂದೇ ಅವಧಿಗೆ, ಅಂದರೆ ವರ್ಷಕ್ಕೆ ತನ್ನಿ. 28 ದಿನದ ಪ್ಯಾಕನ್ನು ತಿಂಗಳದ್ದೆಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ವರ್ಷಕ್ಕೆ ಬೇಕಾಗುವುದು 12 ಅಲ್ಲ, 13 ರೀಚಾರ್ಜ್. ಪ್ಯಾಕಿನ ಬೆಲೆಯನ್ನು ವ್ಯಾಲಿಡಿಟಿಯ ದಿನಗಳಿಂದ ಭಾಗಿಸಿ 365ರಿಂದ ಗುಣಿಸಿ. ಕರಾರಿನ ಸಂಪರ್ಕಕ್ಕೆ ತಿಂಗಳ ಬಾಡಿಗೆಯನ್ನು ಕರಾರಿನ ತಿಂಗಳುಗಳಿಂದ (ಸಾಮಾನ್ಯವಾಗಿ 12 ಅಥವಾ 24) ಗುಣಿಸಿ, ತೆರಿಗೆ ಮತ್ತು ಆರಂಭದ ಶುಲ್ಕ ಕೂಡಿಸಿ. ಜೊತೆಗೆ ಫೋನ್ ‘ಉಚಿತ’ ಬಂದರೆ ಅದರ ಬಿಡಿ ಬೆಲೆಯನ್ನು ಕಳೆಯಿರಿ; ಉಳಿದದ್ದೇ ಸಂಪರ್ಕಕ್ಕೆ ನೀವು ಕೊಡುವ ನಿಜವಾದ ಹಣ. ಕರಾರು 24 ತಿಂಗಳದ್ದಾದರೆ ಅದರ ಅರ್ಧ ವರ್ಷದ ಖರ್ಚು. ಕೈಯಲ್ಲಿರುವ ಫೋನ್ ಚೆನ್ನಾಗಿದ್ದರೆ ಕಡಿಮೆ ಬಳಕೆಗೆ ಈ ಲೆಕ್ಕದಲ್ಲಿ ಬಹುತೇಕ ಸಲ ಗೆಲ್ಲುವುದು ಪ್ರೀಪೇಯ್ಡ್, ಅದರಲ್ಲೂ ದೀರ್ಘ ವ್ಯಾಲಿಡಿಟಿಯದು. ಮನೆಯವರ ಫ್ಯಾಮಿಲಿ ಪ್ಲಾನ್‌ಗೆ ಹೆಚ್ಚುವರಿ ನಂಬರಾಗಿ ಸೇರಲು ಆಗುವುದಾದರೆ ಪೋಸ್ಟ್‌ಪೇಯ್ಡನ್ನು ಗಂಭೀರವಾಗಿ ಹೋಲಿಸಿ ನೋಡಿ. ರೀಚಾರ್ಜ್ ನೆನಪಿಟ್ಟುಕೊಳ್ಳಲಾಗದ ಹಿರಿಯರಿಗೂ ಪೋಸ್ಟ್‌ಪೇಯ್ಡೇ ಕ್ಷೇಮ. ಅವರಿಗೆ ಫೋನ್ ಬಂದ್ ಆಗದಿರುವುದು ಉಳಿತಾಯಕ್ಕಿಂತ ಮುಖ್ಯ.

ಬಳಸಿದಷ್ಟಕ್ಕೇ ಹಣ ಕಡಿತವಾಗುವ ಪ್ರೀಪೇಯ್ಡ್ ಆದರೆ ಸಣ್ಣ ಅಕ್ಷರಗಳನ್ನು ಓದಿ. ಕರೆ ಸೆಕೆಂಡಿನ ಲೆಕ್ಕವೋ, ನಿಮಿಷದ್ದೋ? ನಿಮಿಷದ್ದಾದರೆ 1 ನಿಮಿಷ 5 ಸೆಕೆಂಡಿನ ಹತ್ತು ಕರೆಗಳಿಗೆ 20 ನಿಮಿಷ ಕಳೆಯುತ್ತದೆ. ಎಸ್ಸೆಮ್ಮೆಸ್ಸನ್ನು ಕನ್ನಡದಲ್ಲಿ ಬರೆಯುವವರು ಇನ್ನೊಂದು ವಿಷಯ ತಿಳಿದಿರಬೇಕು. ಇಂಗ್ಲಿಷ್ ಲಿಪಿಯಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಸಿದರೆ ಕನ್ನಡ ಲಿಪಿಯಲ್ಲಿ 70 ಮಾತ್ರ, ಮತ್ತು ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ‘ನಾಳೆ ಬರುತ್ತೇನೆ’ ಕಣ್ಣಿಗೆ ಆರೇ ಅಕ್ಷರ, ಎಣಿಕೆಯಲ್ಲಿ ನಡುವಿನ ಖಾಲಿ ಜಾಗವೂ ಸೇರಿ 14. 70 ದಾಟಿದರೆ ಎರಡು ಸಂದೇಶದ ದರ ಬೀಳುತ್ತದೆ.

ಬ್ಯಾಲೆನ್ಸ್ ಸದ್ದಿಲ್ಲದೆ ಕರಗುವುದು ಹೆಚ್ಚಾಗಿ ಡೇಟಾದಿಂದ. ಡೇಟಾ ಪ್ಯಾಕ್ ಇಲ್ಲದ ಸಿಮ್ ಹಾಕಿದ ಕೂಡಲೇ ಆ್ಯಪ್ ಅಪ್‌ಡೇಟ್, ಫೋಟೊ ಬ್ಯಾಕಪ್ ಶುರುವಾಗಿ ಮುಖ್ಯ ಬ್ಯಾಲೆನ್ಸ್‌ನಿಂದಲೇ ಹಣ ಹೋಗಬಹುದು. ಹಾಗಾಗಿ ಸಿಮ್ ಹಾಕುವ ಮುನ್ನವೇ ಮೊಬೈಲ್ ಡೇಟಾ ಆಫ್ ಮಾಡಿ. ಅಪ್‌ಡೇಟ್ ಮತ್ತು ಬ್ಯಾಕಪ್ ‘ವೈಫೈ ಮಾತ್ರ’ ಎಂದು ಇರಿಸಿ. ಕಾಲರ್ ಟ್ಯೂನ್‌ನಂಥ ಸೇವೆ ನಿಮಗೆ ತಿಳಿಯದೆ ಅಂಟಿಕೊಂಡಿದ್ದರೆ ನಿಲ್ಲಿಸಿ.

ಪ್ರೀಪೇಯ್ಡ್‌ನ ದೊಡ್ಡ ಅಪಾಯ ನಂಬರ್ ಕಳೆದುಕೊಳ್ಳುವುದು. ನಿಗದಿತ ಅವಧಿ ಬಳಸದೆ, ರೀಚಾರ್ಜ್ ಮಾಡದೆ ಬಿಟ್ಟರೆ ಕಂಪನಿ ನಂಬರನ್ನು ಹಿಂಪಡೆದು ಬೇರೆಯವರಿಗೆ ಕೊಡಬಹುದು. ಆಮೇಲೆ ನಿಮ್ಮ ಬ್ಯಾಂಕಿನ ಒಟಿಪಿ ಹೋಗುವುದು ಅವರಿಗೆ. ಆ ಅವಧಿ ಎಷ್ಟೆಂದು ನಿಯಮದಲ್ಲಿ ಹುಡುಕಿ, ಮುಗಿಯುವ ಒಂದು ವಾರ ಮೊದಲೇ ಫೋನಿನ ಕ್ಯಾಲೆಂಡರ್‌ನಲ್ಲಿ ರಿಮೈಂಡರ್ ಇಡಿ. ಕರಾರಿನಲ್ಲಾದರೆ ಕೇಳಬೇಕಾದದ್ದು ಮೂರು: ಮಧ್ಯದಲ್ಲಿ ಬಿಟ್ಟರೆ ದಂಡ ಎಷ್ಟು, ಅವಧಿ ಮುಗಿದ ಮೇಲೆ ತಾನಾಗಿ ಮುಂದುವರಿಯುತ್ತದೆಯೇ, ಮಿತಿ ಮೀರಿದರೆ ಯಾವ ದರ. ಮಿತಿ ದಾಟದಂತೆ ತಡೆ ಹಾಕಿಸಬಹುದೇ ಎಂದೂ ಕೇಳಿ.

ಕರಾರಿನಿಂದ ಪ್ರೀಪೇಯ್ಡ್‌ಗೆ ಬರುವಾಗ ಹಳೆಯ ಸಂಪರ್ಕವನ್ನು ನೀವಾಗಿ ರದ್ದು ಮಾಡಬೇಡಿ, ರದ್ದಾದ ನಂಬರನ್ನು ಸಾಮಾನ್ಯವಾಗಿ ಪೋರ್ಟ್ ಮಾಡಲಾಗುವುದಿಲ್ಲ, ಅಂದರೆ ಅದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗಲಾಗುವುದಿಲ್ಲ. ಬಾಕಿ ತೀರಿಸಿ, ಫೋನ್ ಹಳೆಯ ಕಂಪನಿಯ ಸಿಮ್‌ಗೆ ಮಾತ್ರ ಲಾಕ್ ಆಗಿದ್ದರೆ ಬಿಡಿಸಿಕೊಂಡು, ಹೊಸ ಕಂಪನಿಯ ಮೂಲಕವೇ ಪೋರ್ಟ್ ಕೋರಿಕೆ ಸಲ್ಲಿಸಿ. ಹಳೆ ಫೋನಾದರೆ ಅದು ಹೊಸ ಜಾಲದಲ್ಲಿ 4ಜಿ ಮೇಲೆ ಕರೆ ಮಾಡಬಲ್ಲದೇ ನೋಡಿ; 2ಜಿ, 3ಜಿ ಜಾಲ ನಿಲ್ಲಿಸಿರುವ ಕಡೆ ಈ ಸೌಲಭ್ಯ (VoLTE) ಇಲ್ಲದ ಫೋನಿನಿಂದ ಮಾತಾಡಲಾಗದು. ಹೊಸ ಸಿಮ್ ಚಾಲೂ ಆದ ದಿನವೇ ಒಂದು ಕರೆ ಮಾಡಿ, ಒಂದು ಕರೆ ತರಿಸಿಕೊಂಡು, ಬ್ಯಾಂಕಿನ ಒಟಿಪಿ ಬರುತ್ತಿದೆಯೇ ಪರೀಕ್ಷಿಸಿ.