ಆರು ಸಾವಿರ ಅಂದಿದ್ದು ಹನ್ನೆರಡು ದಾಟಿತು: ಅಂಬಾಸಿಡರ್ ಎಂಜಿನ್ ಬಿಚ್ಚಿದ ಲೆಕ್ಕ

ಅಪ್ಪನ 1986ರ ಅಂಬಾಸಿಡರ್ ಮಾರ್ಕ್ 4 ನಾಲ್ಕು ವರ್ಷ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ನಿಂತಿತ್ತು. ಕಾರಣ ಹೊಗೆ. ಸ್ಟಾರ್ಟ್ ಮಾಡಿದರೆ ನಮ್ಮ ಬೀದಿಯ ಕೊನೆಯ ಮನೆಯವರೂ ಕಿಟಕಿ ಹಾಕಿಕೊಳ್ಳುತ್ತಿದ್ದರು. ಗುಜರಿಯವನು ಎರಡು ಸಲ ಬಂದು ಹೋದ. ಮೂರನೇ ಸಲ ಬಂದಾಗ ಅಪ್ಪನ ಮುಖ ನೋಡಲಾಗದೆ, "ಎಂಜಿನ್ ನಾನೇ ಬಿಚ್ಚುತೀನಿ" ಅಂದುಬಿಟ್ಟೆ. ಇದು 2023ರ ಮಾತು.

ಬಿಚ್ಚುವುದು, ಜೋಡಿಸುವುದು ನನ್ನ ಕೈಲಾಗುತ್ತದೆ. ಐಟಿಐ ಓದಿದವನು, ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸ. ಆದರೆ ಸವೆದ ಸಿಲಿಂಡರನ್ನು ಕೊರೆದು ಅಗಲಿಸುವ ಬೋರಿಂಗ್, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟನ್ನು ಉಜ್ಜಿ ಸಮ ಮಾಡುವ ಗ್ರೈಂಡಿಂಗ್ ಮನೆಯಲ್ಲಿ ಆಗುವ ಮಾತಲ್ಲ. ಅದಕ್ಕೆ ಮಷೀನ್ ಶಾಪಿಗೇ ಹೋಗಬೇಕು. ಹೋಗುವ ಮೊದಲು "ಎಷ್ಟಾಗಬಹುದು?" ಅಂತ ಕೇಳಿದವರೆಲ್ಲ ಒಂದೊಂದು ಹೇಳಿದರು. ನನಗೆ ನಿಜವಾಗಿ ಎಷ್ಟಾಯಿತು, ಯಾಕಾಯಿತು ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಬಿಚ್ಚುವ ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಕಟ್ಟುವ ಒತ್ತಡ, ನೋಡಿದೆ. ನಾಲ್ಕು ಸಿಲಿಂಡರಿನಲ್ಲಿ 70, 85, 65, 90 ಪಿಎಸ್‌ಐ. ಪ್ಲಗ್ ತೂತಿನಿಂದ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಎರಡು ಮತ್ತು ನಾಲ್ಕನೆಯದು ಚೆನ್ನಾಗಿ ಮೇಲೆದ್ದವು. ಅಂದರೆ ಪಿಸ್ಟನ್ ಸುತ್ತಲ ರಿಂಗು, ಸಿಲಿಂಡರಿನ ಒಳಮೈ ಅಂದರೆ ಬೋರು ಸವೆದಿವೆ. ಒಂದು ಮತ್ತು ಮೂರು ಹೆಚ್ಚು ಕದಲಲಿಲ್ಲ. ಅಲ್ಲಿ ವಾಲ್ವೂ ಕೈಕೊಟ್ಟಿದೆ. ಆಯಿಲ್ ನಾಲ್ಕು ಚಮಚವಷ್ಟೇ ಖರ್ಚಾದ ಈ ಪರೀಕ್ಷೆ, ಮುಂದೆ ಹೆಡ್ಡಿನ (ಸಿಲಿಂಡರುಗಳ ಮೇಲೆ ಕೂತು ವಾಲ್ವ್ ಹಿಡಿದಿರುವ ಭಾಗ) ಕೆಲಸವೂ ಇದೆ ಅಂತ ಆಗಲೇ ಹೇಳಿತ್ತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಊರಿನ ಮಷೀನ್ ಶಾಪಿನ ಯಜಮಾನರು ಬಾಯಲ್ಲೇ ಲೆಕ್ಕ ಹಾಕಿದರು. ಬೋರಿಂಗ್, ಆಮೇಲೆ ಕಲ್ಲಿನಿಂದ ನಯವಾಗಿ ಉಜ್ಜುವ ಹೋನಿಂಗ್, ಸಿಲಿಂಡರಿಗೆ 500ರಂತೆ 2,000. ಕ್ರ್ಯಾಂಕ್ ಬ್ಲಾಕಿನಲ್ಲಿ ಕೂರುವ ಮೂರು ಮೇನು, ಕನೆಕ್ಟಿಂಗ್ ರಾಡ್ ಹಿಡಿಯುವ ನಾಲ್ಕು ಬಿಗ್‌ಎಂಡು, ಒಟ್ಟು ಏಳು ಜರ್ನಲ್ಲು (ಬೇರಿಂಗಿನಲ್ಲಿ ತಿರುಗುವ ದುಂಡು ಭಾಗ), ಒಂದಕ್ಕೆ 350ರಂತೆ 2,450. ಹೆಡ್ಡಿನ ಮೈ ಸಮ ಮಾಡುವ ಫೇಸಿಂಗ್ 700. ಎಂಟು ವಾಲ್ವ್ ಕೂರುವ ಜಾಗ ಕೆತ್ತುವ ಸೀಟ್ ಕಟಿಂಗ್ 800. "ಆರು ಸಾವಿರದೊಳಗೆ ಮುಗಿಯುತ್ತೆ ಸಾರ್. ಪಕ್ಕಾ ಬಿಲ್ ಬೇಕಂದ್ರೆ ಜಿಎಸ್‌ಟಿ ಬೇರೆ." ಅವರು ಹೇಳಿದ ದರದಲ್ಲಿ ಕೊನೆವರೆಗೂ ಒಂದು ರೂಪಾಯಿ ಹೆಚ್ಚಾಗಲಿಲ್ಲ. ಹೆಚ್ಚಾಗಿದ್ದು ಅವರೂ ಹೇಳದ, ನಾನೂ ಕೇಳದ ಕೆಲಸಗಳು.

ಮೊದಲ ತಪ್ಪು ಮಾತ್ರ ಪೂರ್ತಿ ನನ್ನದೇ. ಯಾವುದೋ ಕೆಲಸಕ್ಕೆ ಬೆಂಗಳೂರಿಗೆ ಹೋದವನು ಜೆ.ಸಿ. ರೋಡಿನಲ್ಲಿ ಗಾಡಿ ಬಿಡಿಭಾಗದ ಒಂದು ಅಂಗಡಿ ಹೊಕ್ಕೆ. "ಹಳೇ ಸ್ಟಾಕು, ಇದೊಂದೇ ಸೆಟ್ ಇರೋದು" ಅಂದರು. ಮೂಲ ಅಳತೆಗಿಂತ 20 ಥೌ ದೊಡ್ಡದಾದ, ಅಂದರೆ ಓವರ್‌ಸೈಜ್, ಪಿಸ್ಟನ್ ಸೆಟ್ ಹೊತ್ತು ತಂದೆ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ). ಎಂಜಿನ್ ಯಾವತ್ತೂ ಬಿಚ್ಚಿಲ್ಲ, ಸ್ಟ್ಯಾಂಡರ್ಡ್ ಬೋರೇ ಇದೆ ಅಂತ ಅಪ್ಪನ ಮಾತು. ಅಪ್ಪ ಸುಳ್ಳು ಹೇಳಲಿಲ್ಲ, ಅವರ ಕಾಲದಲ್ಲಿ ಬಿಚ್ಚಿರಲಿಲ್ಲ. ಆದರೆ ಕಾರನ್ನು ಅವರು ಕೊಂಡಿದ್ದು 1998ರಲ್ಲಿ, ಎರಡನೇ ಕೈಯಿಂದ. ಹೆಡ್ ಎತ್ತಿ ಪಿಸ್ಟನ್ ತಲೆಯ ಮಸಿ ಕೆರೆದರೆ ಅಲ್ಲಿ ಅಚ್ಚಾಗಿ ಕೂತಿತ್ತು: 020. ಮೊದಲಿನ ಮಾಲೀಕನ ಕಾಲದಲ್ಲೇ ಒಂದು ಸಲ ಬೋರಿಂಗ್ ಆಗಿದೆ! ಹೊಟ್ಟೆಪಾಡಿಗೆ ದಿನವಿಡೀ ಮೈಕ್ರೋಮೀಟರ್ ಹಿಡಿಯುವವನು ಅಳತೆ ನೋಡದೆ ಪಿಸ್ಟನ್ ಕೊಂಡಿದ್ದೆ. ಕಾರ್ಖಾನೆಯಲ್ಲಿ ಈ ಕತೆ ಯಾರಿಗೂ ಹೇಳಿಲ್ಲ.

ಬೋರ್ ಗೇಜ್ ಇಳಿಸಿದೆ. ಈ 1489 ಸಿಸಿ ಎಂಜಿನ್ನಿನ ಮೂಲ ಬೋರ್ 2.875 ಇಂಚು. ನಮ್ಮದು ಆಗಲೇ 2.895ಕ್ಕೆ ಹೋಗಿ, ಅದರ ಮೇಲೆ ಮೇಲ್ತುದಿಯಲ್ಲಿ 9 ಥೌ ಸವೆದಿತ್ತು. ಸವೆತ ಸುತ್ತಲೂ ಒಂದೇ ಸಮ ಇರುವುದಿಲ್ಲ, ಪಿಸ್ಟನ್ ಒರಗುವ ಕಡೆ ಜಾಸ್ತಿ. ಹಾಗಾಗಿ 30 ಥೌಗೆ ಹೊಡೆದರೆ ಒಂದು ಕಡೆ ಹಳೇ ಗುರುತು ಉಳಿದುಬಿಡುತ್ತದೆ. 40ಕ್ಕೇ ಹೋಗಬೇಕು. ಅದಾದ ಮೇಲೆ ಇನ್ನೊಂದು ಸಲ ಬಂದರೆ ಸಿಲಿಂಡರಿನೊಳಗೆ ಹೊಸ ಕೊಳವೆ, ಅಂದರೆ ಸ್ಲೀವ್, ಹಾಕಿಸುವುದೇ. ಈಗಲೇ ನಾಲ್ಕಕ್ಕೂ ಸ್ಲೀವ್ ಹಾಕಿಸಿ ಸ್ಟ್ಯಾಂಡರ್ಡಿಗೆ ತರಲು 5,600 ಕೇಳಿದರು. ಯೋಚಿಸಿ ಬೇಡ ಅಂದೆ. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡುವ ಕಾರಿಗೆ 40 ಥೌ ಬೋರ್ ನನ್ನ ಆಯುಷ್ಯಕ್ಕೆ ಸಾಕು. ಜೊತೆಗೆ ಪುಕ್ಕಟೆಯಾಗಿ ಎಂಜಿನ್ ಸುಮಾರು 1530 ಸಿಸಿ ಆಯಿತು. ಪಿಸ್ಟನ್ ಸೆಟ್ಟನ್ನು ಅಂಗಡಿಯವರು 500 ಹಿಡಿದುಕೊಂಡು ಬದಲಾಯಿಸಿಕೊಟ್ಟರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಅಳತೆಗೆ ಮುಂಚೆ ಪಿಸ್ಟನ್ ಕೊಳ್ಳಬಾರದು, ಸರಿ. ಆದರೆ ಪಿಸ್ಟನ್ ಕೈಗೆ ಬರುವ ಮುಂಚೆ ಬೋರಿಂಗಿಗೂ ಬಿಡಬಾರದು. 40 ಅಂತ ಡಬ್ಬಿಯ ಮೇಲೆ ಬರೆದಿದ್ದರೂ ಒಂದೊಂದು ಪಿಸ್ಟನ್ ಕೂದಲೆಳೆಯಷ್ಟು ಆಚೀಚೆ ಇರುತ್ತದೆ. ಒಳ್ಳೆಯ ಟರ್ನರ್ ಪ್ರತಿ ಪಿಸ್ಟನ್ನಿನ ಕೆಳಮೈ, ಅಂದರೆ ಸ್ಕರ್ಟ್, ಅಳೆದು, ಅದಕ್ಕೆ ಸುಮಾರು 2 ಥೌ ಗ್ಯಾಪ್ ಸೇರಿಸಿ, ಆ ಸಿಲಿಂಡರನ್ನು ಆ ಪಿಸ್ಟನ್ನಿಗೇ ಹೊಡೆಯುತ್ತಾನೆ. ಬೋರಿಂಗ್ ಬಾರಿನಲ್ಲಿ ಪೂರ್ತಿ ಅಳತೆಗೆ ಹೋಗದೆ ಕೊನೆಯ ಒಂದೆರಡು ಥೌ ಹೋನಿಂಗಿಗೆ ಉಳಿಸುತ್ತಾನೆ. ಕ್ರ್ಯಾಂಕಿಗೂ ಇದೇ ಮಾತು. ಯಾವ ಸೈಜಿನ ಬೇರಿಂಗ್ ಸಿಗುತ್ತದೆ ಅಂತ ಖಾತ್ರಿ ಮಾಡಿಕೊಂಡೇ ಗ್ರೈಂಡಿಂಗಿಗೆ ಕೊಡಬೇಕು. ನಮ್ಮ ಕ್ರ್ಯಾಂಕೂ ಆಗಲೇ 10 ಥೌ ಕೆಳಗೆ ಹೋಗಿತ್ತು, ಬಿಗ್‌ಎಂಡುಗಳು ಮೊಟ್ಟೆಯಾಕಾರಕ್ಕೆ ಬಂದಿದ್ದವು. 20ಕ್ಕೆ ಇಳಿಸಿದೆವು. ಮೇನ್ ಜರ್ನಲ್ 2 ಇಂಚು ಇದ್ದದ್ದು 1.980 ಆಯಿತು.

ಕ್ರ್ಯಾಂಕ್ ವಾಪಸ್ ಬಂದಾಗ ನಾನು ಮೊದಲು ನೋಡಿದ್ದು ಅಳತೆಯನ್ನಲ್ಲ, ಮೂಲೆಯನ್ನು. ಜರ್ನಲ್ಲು ಪಕ್ಕದ ಗೋಡೆಗೆ ಸೇರುವ ಕಡೆ ಬಟ್ಟಲಿನಂತೆ ಸಣ್ಣ ದುಂಡು ಇರಬೇಕು. ಗ್ರೈಂಡಿಂಗ್ ಕಲ್ಲಿನ ಅಂಚನ್ನು ಸರಿಯಾಗಿ ದುಂಡಗೆ ಮಾಡದೆ ಓಡಿಸಿದರೆ ಅಲ್ಲಿ ಚೂಪು ಮೂಲೆ ಉಳಿಯುತ್ತದೆ, ಕ್ರ್ಯಾಂಕ್ ಸೀಳು ಬಿಡುವುದು ಅಲ್ಲಿಂದಲೇ. ಮೂರೇ ಮೇನ್ ಬೇರಿಂಗಿನ ಮೇಲೆ ಕೂತ ಈ ಕ್ರ್ಯಾಂಕಿಗೆ ಇದನ್ನು ಇನ್ನೂ ಕಣ್ಣಿಟ್ಟು ನೋಡಬೇಕು. ಆಯಿಲ್ ತೂತಿನ ಬಾಯಿ ಚೂಪಾಗಿದ್ದರೆ ಬೇರಿಂಗನ್ನು ಕೆರೆಯುತ್ತದೆ, ಆ ಚೂಪನ್ನು ಉಜ್ಜಿ ತೆಗೆದಿದ್ದಾರಾ ಅಂತ ಉಗುರಾಡಿಸಿ ನೋಡಿದೆ. ಎರಡೂ ಸರಿಯಿದ್ದವು. 350 ರೂಪಾಯಿಗೆ ಇಷ್ಟು ನಿಗಾ ಸಿಕ್ಕರೆ ದುಬಾರಿ ಅನ್ನುವ ಬಾಯಿ ನನಗಿಲ್ಲ.

ಬೇಜಾರಾಗಿದ್ದು ಬ್ಲಾಕ್ ತೊಳೆಯುವಾಗ. ಬೋರಿಂಗಿಗೆ ಮುಂಚೆ ಬ್ಲಾಕನ್ನು ಬಿಸಿ ಕಾಸ್ಟಿಕ್ ಸೋಡಾ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಬ್ಲಾಕಿನ ಬೀಡು ಕಬ್ಬಿಣಕ್ಕೆ ಅದರಿಂದ ಏನೂ ಆಗುವುದಿಲ್ಲ, ಜಿಡ್ಡು, ಮಸಿ, ಹಳೇ ಬಣ್ಣ ಎಲ್ಲ ಬಿಟ್ಟುಹೋಗುತ್ತದೆ. ಆದರೆ ವಾಲ್ವುಗಳನ್ನು ತೆರೆಸುವ ಕ್ಯಾಮ್ ಶಾಫ್ಟ್ ತಿರುಗುವ ಮೂರು ಬುಷ್ ಒಳಗಡೆ ವೈಟ್ ಮೆಟಲ್ ಅನ್ನುವ ಮೆತ್ತನೆ ಲೋಹದ ಲೇಪ. ಕಾಸ್ಟಿಕ್ ಅದನ್ನು ತಿನ್ನುತ್ತದೆ. ಬುಷ್ ತೆಗೆದು ಕೊಡಬೇಕು ಅಂತ ನನಗೆ ಹೊಳೆಯಲಿಲ್ಲ. ಶಾಪಿನ ಹುಡುಗ ನೋಡದೆ ರಾತ್ರಿಯಿಡೀ ನೆನೆಹಾಕಿದ. ಬೆಳಿಗ್ಗೆ ಬುಷ್ಷಿನ ಒಳಮೈ ಕರ್ರಗೆ, ಬೆರಳಾಡಿಸಿದರೆ ಪುಡಿ. "ಹಳೇ ಬುಷ್ಷು ಸಾರ್, ಹೆಂಗೂ ಹೋಗಿತ್ತು" ಅಂದರು. ಹೋಗಿರಲಿಲ್ಲ. ಹಿಂದಿನ ವಾರ ನಾನೇ ಅಳೆದಿದ್ದೆ. ಸ್ವಲ್ಪ ಜೋರು ಮಾತಾಯಿತು. ಕೊನೆಗೆ ತೊಳೆಯಲು ಹೇಳಿದ್ದ ಸಾವಿರದಲ್ಲಿ 400 ಬಿಟ್ಟರು. ಹೊಸ ಬುಷ್ ಒತ್ತಿ ಕೂರಿಸಿದರಷ್ಟೇ ಸಾಲದು, ಮೂರನ್ನೂ ಒಂದೇ ಗೆರೆಗೆ, ತೂತನ್ನು ಅಳತೆಗೆ ತರುವ ರೀಮರ್ ಓಡಿಸಬೇಕು. ಅದಕ್ಕೆ ಉದ್ದನೆಯ ರೀಮರ್ ತುಮಕೂರಿನಲ್ಲಿ ನಾನು ಕೇಳಿದ ಕಡೆಯೆಲ್ಲ ಇರಲಿಲ್ಲ. ಜಗಳವಾಡಿದ ಯಜಮಾನರೇ ಫೋನ್ ತಿರುಗಿಸಿ ಕಲಾಸಿಪಾಳ್ಯದ ಕಡೆ ಒಬ್ಬ ಹಳೇ ಕೈಯನ್ನು ಹುಡುಕಿಕೊಟ್ಟರು. ಕೂಲಿ 1,800. ಬ್ಲಾಕನ್ನು ಲಗೇಜ್ ಆಟೋದಲ್ಲಿ ಬೆಂಗಳೂರಿಗೆ ಒಯ್ದು ತಂದ ಖರ್ಚು ಬೇರೆ.

ಇನ್ನು ಹೆಡ್ಡು. ನಮ್ಮ ದೇಶದಲ್ಲಿ 2000ದ ಫೆಬ್ರವರಿ 1ರಿಂದ ಸೀಸವಿಲ್ಲದ ಪೆಟ್ರೋಲ್ ಮಾತ್ರ. ಗಾಳಿಗೆ ಒಳ್ಳೆಯದೇ ಆಯಿತು. ಆದರೆ ಈ ಎಂಜಿನ್ ಹುಟ್ಟಿದ್ದು ಸೀಸದ ಪೆಟ್ರೋಲಿನ ಕಾಲದಲ್ಲಿ. ವಾಲ್ವಿಗೆ ಪ್ರತ್ಯೇಕ ಸೀಟ್ ರಿಂಗ್ ಇಲ್ಲ, ಹೆಡ್ಡಿನ ಬೀಡನ್ನೇ ಕೊರೆದು ಸೀಟ್ ಮಾಡಿದ್ದಾರೆ. ಸೀಸ ತೆಳ್ಳನೆ ಪದರವಾಗಿ ಕೂತು ಅದನ್ನು ಕಾಯುತ್ತಿತ್ತು. ಅದು ಹೋದ ಮೇಲೆ ಎಕ್ಸಾಸ್ಟ್ ವಾಲ್ವ್ ಬಿಸಿಗೆ ಸೀಟನ್ನು ಕುಟ್ಟಿ ಕುಟ್ಟಿ ಒಳಗಿಳಿಯುತ್ತದೆ. 15 ಥೌ ಇಟ್ಟ ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಕೆಲವು ತಿಂಗಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತಿದ್ದುದು ಇದಕ್ಕೇ. ಸದ್ದಿಲ್ಲದೆ ಓಡುತ್ತಿದೆ ಅಂತ ನಾವು ಖುಷಿಪಡುತ್ತಿದ್ದೆವು. ಸೀಟ್ ಕಟಿಂಗ್ ಮಾಡಿಸಿದರೆ ವಾಲ್ವ್ ಇನ್ನೂ ಒಳಗೇ ಹೋಗುತ್ತದೆ.

ನಾಲ್ಕು ಎಕ್ಸಾಸ್ಟಿಗೆ ಗಟ್ಟಿ ಲೋಹದ ಸೀಟ್ ರಿಂಗ್ ಹಾಕಿಸಿದೆ, ರಿಂಗೂ ಸೇರಿ ಒಂದಕ್ಕೆ 500. ಹಳೇ ಜಾಗ ಕೊರೆದು, ರಿಂಗಿಗಿಂತ ಮೂರ್ನಾಲ್ಕು ಥೌ ಬಿಗಿಯಾಗಿ ಇಟ್ಟು, ಹೆಡ್ ಕಾಯಿಸಿ ರಿಂಗ್ ಒತ್ತುತ್ತಾರೆ. ಕೊರೆಯುವಾಗ ಸ್ವಲ್ಪ ಆಳ ಹೋದರೂ ಹಿಂದೆ ನೀರಿನ ದಾರಿ. ಅದಕ್ಕೇ ಸೋರುತ್ತದೆಯಾ ಅಂತ ನೋಡುವ ಪ್ರೆಷರ್ ಟೆಸ್ಟನ್ನು ಸೀಟ್ ಹಾಕಿದ ಮೇಲೇ ಮಾಡಿಸಿದೆ, 500. ವಾಲ್ವಿನ ಕಡ್ಡಿ ಜಾರುವ ಗೈಡ್ ಎಂಟೂ ಸಡಿಲ, ಒತ್ತುವ ಕೂಲಿ 600. ಗೈಡ್ ಹೊಸದಾಗದೆ ಸೀಟ್ ಕಟಿಂಗ್ ಮಾಡಿಸುವುದು ದಂಡ, ಕಟರ್ ನಿಲ್ಲುವುದೇ ಗೈಡಿನ ಆಧಾರದಲ್ಲಿ.

ಫ್ಲೈವೀಲ್ ಫೇಸಿಂಗ್ 500, ಕನೆಕ್ಟಿಂಗ್ ರಾಡ್ ಬಾಗಿದೆಯಾ ಅಂತ ನೋಡಿಸಿದ್ದು 400. ಬ್ಲಾಕಿನ ಮೇಲ್ಮೈ ಫೇಸಿಂಗ್ ಮಾಡಿಸಿ ಅಂದರು, ಸ್ಟ್ರೇಟ್ ಎಡ್ಜ್ ಇಟ್ಟರೆ 2 ಥೌ ಫೀಲರ್ ಕೂಡ ತೂರಲಿಲ್ಲ, ಬಿಟ್ಟೆ. ತಿರುಗುವ ಭಾಗಗಳ ತೂಕ ಸರಿದೂಗಿಸುವ ಬ್ಯಾಲೆನ್ಸಿಂಗಿಗೆ ಬೆಂಗಳೂರಿನಲ್ಲಿ 2,500 ಹೇಳಿದರು. ಅದನ್ನೂ ಬಿಟ್ಟು ನಾಲ್ಕು ಪಿಸ್ಟನ್ನನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಮೂರು ಗ್ರಾಮಿಗಿಂತ ಹೆಚ್ಚು ವ್ಯತ್ಯಾಸ ಇರಲಿಲ್ಲ. ರವೆ ತೂಗುವ ತಟ್ಟೆ ಅದು, ಬೈಗುಳ ಉಚಿತ.

ಬೋರಿಂಗ್ ಮುಗಿಸಿ ಬಂದ ಬ್ಲಾಕನ್ನು ಹೋನಿಂಗ್ ಪುಡಿ ಹೋಗುವಂತೆ ಬಿಸಿನೀರು, ಸೋಪು, ಬ್ರಷ್ ಹಿಡಿದು ತೊಳೆದೆ. ಪೆಟ್ರೋಲಿನಲ್ಲಿ ಒರೆಸಿದರೆ ಮಿಂಚುತ್ತದೆ, ಪುಡಿ ಮಾತ್ರ ಗೀರುಗಳ ಒಳಗೇ ಕೂತಿರುತ್ತದೆ. ಅಪ್ಪನ ಹಳೇ ಬಿಳಿ ಪಂಚೆಯ ತುಂಡಿನಲ್ಲಿ ಒರೆಸಿ, ಬಟ್ಟೆಗೆ ಬೂದುಬಣ್ಣ ಹತ್ತುವುದು ನಿಲ್ಲುವವರೆಗೆ ತೊಳೆದೆ. ಆರು ಸಲ ಆಯಿತು. ಕೂಡಲೇ ಆಯಿಲ್ ಸವರದಿದ್ದರೆ ಹೊಸ ಬೋರು ಗಂಟೆಯೊಳಗೆ ತುಕ್ಕು ಹಿಡಿಯುತ್ತದೆ.

ಮಷೀನ್ ಕೂಲಿ ಒಟ್ಟು 12,350 ರೂಪಾಯಿ. ಬಾಯಲ್ಲಿ ಹೇಳಿದ್ದ ನಾಲ್ಕು ಕೆಲಸ 5,950ಕ್ಕೇ ನಿಂತಿತು. ಮೊದಲು ಹೇಳದೆ ಇದ್ದ ಏಳು ಕೆಲಸ 6,400. ಪಿಸ್ಟನ್, ಬೇರಿಂಗ್, ವಾಲ್ವ್, ಗ್ಯಾಸ್ಕೆಟ್, ಆಯಿಲ್ ಪಂಪ್ ಮುಂತಾದ ಸಾಮಾನು 18,850. ಓಡಾಟ 2,700. ಪಿಸ್ಟನ್ ಬದಲಾಯಿಸಿದ ದಂಡ 500. ಎಲ್ಲ ಸೇರಿ 34,400. ಜೋಡಿಸಿದ ಕೂಲಿ ಇದರಲ್ಲಿ ಇಲ್ಲ. ಮೆಕ್ಯಾನಿಕ್ಕಿಗೆ ಕೊಡುವವರು ಅದನ್ನೂ ಸೇರಿಸಿಕೊಳ್ಳಿ. ಹಳೇ ಎಂಜಿನ್ನಿಗೆ ದರ ಕೇಳುವಾಗ ಬೋರಿಂಗಿಗೆ ಎಷ್ಟು ಅಂತಷ್ಟೇ ಕೇಳಿದರೆ ನನ್ನ ಹಾಗೆಯೇ ಅರ್ಧ ಲೆಕ್ಕ ಸಿಗುತ್ತದೆ. ತೊಳೆಯುವುದು, ಗೈಡು, ಸೀಟ್ ರಿಂಗು, ಪ್ರೆಷರ್ ಟೆಸ್ಟು, ಕ್ಯಾಮ್ ಬುಷ್ಷು, ಒಂದೊಂದನ್ನೂ ಹೆಸರು ಹಿಡಿದು ಕೇಳಬೇಕು.

ಎಂಜಿನ್ ಓಡಲು ಶುರುವಾಗಿ 800 ಕಿಲೋಮೀಟರ್ ಆದ ಮೇಲೆ ಟ್ಯಾಪೆಟ್ ಕವರ್ ತೆಗೆದು ನೋಡಿದೆ. ಎಂಟೂ 15 ಥೌನಲ್ಲೇ ಇದ್ದವು. ಅವತ್ತೇ ಯಜಮಾನರ ಹತ್ತಿರ ನಂಬರ್ ಪಂಚ್ ಇಸಕೊಂಡು ಬಂದೆ. ಅದಕ್ಕೆ ದುಡ್ಡು ಕೇಳಲಿಲ್ಲ. ಡಿಪ್‌ಸ್ಟಿಕ್ ಪಕ್ಕ ಬ್ಲಾಕಿನ ಅಂಚನ್ನು ಅರದಿಂದ ಉಜ್ಜಿ, ಬೋರಿಗೆ 040, ಕ್ರ್ಯಾಂಕಿಗೆ 020, ಕೆಳಗೆ 2023 ಅಂತ ಹೊಡೆದಿದ್ದೇನೆ. ಮುಂದೆ ಬಿಚ್ಚುವವನು ಜೆ.ಸಿ. ರೋಡಿಗೆ ಹೋಗುವ ಮುಂಚೆ ಬಾನೆಟ್ ಎತ್ತಿದರೆ ಸಾಕು.